ಪಾಸ್ತಾದ ಮೇಲೆ ಶೇಂಗಾ ಹಿಂಡಿ

ಜನವರಿ ೧೮, ಭಾನುವಾರ. ದೇವದುರ್ಗ.

ಆ ಬಿಳಿ ಪಾಸ್ತಾದ ಜಿಗುಟು ಇನ್ನೂ ನಾಲಿಗೆ ಬಿಟ್ಟಿಲ್ಲ. ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಅಂಟಿನ ಹಾಗಿತ್ತು. ಇದಕ್ಕಾಗಿ ರಾಯಚೂರಿನವರು ಆ ಕೆಫೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಾರಂತೆ! ನನ್ನನ್ನು ನೋಡುವ ಶಾಸ್ತ್ರವನ್ನೂ ವರ ಪ್ರಭುರಾಜ ಅದೇ ಕೆಫೆಯಲ್ಲಿ ಇಟ್ಟುಕೊಂಡಿದ್ದ.

ಅವ್ವನಿಗೆ ನುಂಗಲಾಗಲಿಲ್ಲ. ಊರು ಬಿಟ್ಟಾಗಲೆಲ್ಲ ಚೀಲದಲ್ಲಿರುವ ಶೇಂಗಾ ಹಿಂಡಿಯ ಪೊಟ್ಟಣ ಬಿಚ್ಚಿ, ಆ ಚಟ್ನಿಪುಡಿಯನ್ನು ಪಾಸ್ತಾದ ಮೇಲೆ ಉದುರಿಸಿಕೊಂಡಳು.

"ಅದನ್ನ ಒಳಗ ಇಡ್ರಿ, ಮಂದಿ ನೋಡಾಕತ್ತಾರ. ಇದರ ರುಚಿ ನಿಮಗ ತಿಳಿಯಂಗಿಲ್ಲ ಬಿಡ್ರಿ," ಎಂದು ಆತ ನಕ್ಕ.

ಅವ್ವ ಪೊಟ್ಟಣ ಮಡಿಚಿ ತಲೆ ತಗ್ಗಿಸಿದಳು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ತಟ್ಟೆ ಚಾಚಿದೆ. "ಯವ್ವಾ, ನನಗೂ ಹಾಕು."

ಬಸ್ಸಿನಲ್ಲಿ ಅವ್ವ, "ಹುಡುಗಗ ಚಲೋ ನೌಕರಿ ಅದ..." ಎಂದು ಶುರುಮಾಡಿ ಕಿಟಕಿಯತ್ತ ತಿರುಗಿದಳು. ನಮ್ಮ ಉತ್ತರ ನಾಳೆ ತಿಳಿಸಬೇಕಂತೆ.

ತಟ್ಟೆ ಚಾಚಿದಾಗಲೇ ತಿಳಿಸಿದ್ದೇನಲ್ಲ.