ಡ್ರಿಲ್ ಮೇಷ್ಟ್ರ ನಡಿಗೆಗೆ ನಿಮ್ಮ ಯಂತ್ರ ಕೊಟ್ಟ ಅಂಕ

ಮಾನ್ಯ ನರರೋಗ ವಿಭಾಗದ ಮುಖ್ಯಸ್ಥರೇ,

ನಮ್ಮ ಯಜಮಾನರಿಗೆ ಏನೂ ಆಗಿಲ್ಲ ಎಂದು ನಿಮ್ಮ ಯಂತ್ರ ಹೇಳಿದೆ. ಆ ಮಾತನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಗಂಡನಿಗೆ ಕಾಯಿಲೆ ಇದೆ ಎಂದು ಹಟ ಹಿಡಿಯುವ ಹೆಂಡತಿಯನ್ನು ತಾವು ನೋಡಿರಲಿಕ್ಕಿಲ್ಲ. ನನಗೂ ಇದು ಹೊಸದು. ಕೋಪ ಬರಬೇಕಿತ್ತು, ಬರುತ್ತಿಲ್ಲ. ಈಚೆಗೆ ನನಗೆ ಅಳುವೂ ಬರುವುದಿಲ್ಲ. ಬಟ್ಟೆ ಮಡಿಸುವಾಗ ಹೇಗಿರುತ್ತೇನೋ ಇದನ್ನು ಬರೆಯುವಾಗಲೂ ಹಾಗೇ ಇದ್ದೇನೆ.

ನಮ್ಮವರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಈಗ ಅಡುಗೆಮನೆಯ ಬಾಗಿಲಿಗೆ ಬಂದರೆ ಸಾಕು, ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಮೈ ಮುಂದಕ್ಕೆ ವಾಲುತ್ತದೆ, ಕಾಲು ಮಾತ್ರ ಬರುವುದಿಲ್ಲ. ಹೋದ ತಿಂಗಳು ಹಾಗೇ ಬಿದ್ದು ಹುಬ್ಬು ಒಡೆದುಕೊಂಡರು. ಅದಕ್ಕೇ ನಿಮ್ಮಲ್ಲಿಗೆ ಕರೆತಂದೆ. ಸಾವಿರಾರು ಜನರ ನಡಿಗೆ ನೋಡಿ ಕಲಿತ ಯಂತ್ರವಂತೆ. ಮೆದುಳಿನ ಕಾಯಿಲೆಯನ್ನು ನಡಿಗೆಯಲ್ಲೇ ಕಂಡುಹಿಡಿಯುತ್ತದಂತೆ. ಹಾಗೆಂದು ನಿಮ್ಮ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು, ನಾನು ನಂಬಿದೆ.

ಉದ್ದನೆಯ ಕೋಣೆ, ನೆಲಕ್ಕೆ ಕಪ್ಪು ಚಾಪೆ, ಎದುರಿಗೆ ಕ್ಯಾಮೆರಾ. ನಿಮ್ಮ ತಂತ್ರಜ್ಞೆ "ಹೂಂ, ನಡೀರಿ ಸರ್" ಎಂದರು. ಜೀವಮಾನವಿಡೀ ಮಕ್ಕಳ ಸಾಲಿನ ಮುಂದೆ ನಿಂತು ಅಪ್ಪಣೆ ಕೊಟ್ಟವರಿಗೆ ಹಾಗೆಂದರೆ ಏನಾಗುತ್ತದೆ? ಬೆನ್ನು ನೆಟ್ಟಗಾಯಿತು. ತುಟಿಯೊಳಗೇ ಎಡ-ಬಲ, ಎಡ-ಬಲ ಅಂದುಕೊಳ್ಳುತ್ತ, ಕೈ ಬೀಸಿ ನಡೆದೇಬಿಟ್ಟರು.

"ಇವರು ಕವಾಯತು ಮಾಡ್ತಿದಾರಮ್ಮ, ಮನೇಲಿ ಹೀಗೆ ನಡೆಯಲ್ಲ" ಎಂದೆ.

"ಮೇಡಂ, ಮಧ್ಯ ಮಾತಾಡಬೇಡಿ, ರೆಕಾರ್ಡ್ ಆಗ್ತಿದೆ" ಎಂದರು.

ಮುಗಿಸಿ ಹೊರಡುವಾಗ ಅದೇ ಕೋಣೆಯ ಬಾಗಿಲಲ್ಲಿ ಇವರು ನಿಂತುಬಿಟ್ಟರು. ನಾನು ತೋಳು ಹಿಡಿದು ಎಳೆದುಕೊಂಡು ಬಂದೆ. ಆ ಹೊತ್ತಿಗೆ ಕ್ಯಾಮೆರಾ ಆರಿಸಿಯಾಗಿತ್ತು, ತಂತ್ರಜ್ಞೆ ಕಂಪ್ಯೂಟರಿನ ಪರದೆಯಲ್ಲಿ ಮುಳುಗಿದ್ದರು. ಫಲಿತಾಂಶ ಬಂತು: ನಡಿಗೆ ಅತ್ಯುತ್ತಮ. ಶಾಲೆಯಲ್ಲಿ ಇಂಥ ಅಂಕವನ್ನು ನಮ್ಮವರು ಯಾರಿಗೂ ಕೊಟ್ಟವರಲ್ಲ.

ಈಗ ನಿಮ್ಮ ಕೌಂಟರಿನಲ್ಲಿ ಕೇಳಿದರೆ, ಯಂತ್ರದಲ್ಲಿ ಪಾಸಾದವರನ್ನು ಡಾಕ್ಟರು ನೋಡುವುದಿಲ್ಲ ಎನ್ನುತ್ತಾರೆ. ಯಂತ್ರದ ಮೇಲೆ ನನಗೇನೂ ದೂರಿಲ್ಲ, ತೋರಿಸಿದ್ದನ್ನು ಅದು ನೋಡಿತು. ಆದರೆ ಅದಕ್ಕೆ ಪಾಠ ಹೇಳಿದ ಸಾವಿರಾರು ಜನರಲ್ಲಿ ಒಬ್ಬ ಡ್ರಿಲ್ ಮೇಷ್ಟ್ರಾದರೂ ಇದ್ದರೇ? ಮತ್ತು ಕಣ್ಣಿರುವ ತಾವೆಲ್ಲ ಆಗ ಎಲ್ಲಿದ್ದಿರಿ?

ಯಂತ್ರವನ್ನು ಪೂರ್ತಿ ನಂಬಿದವರು ನಮ್ಮವರೇ. "ಕಾಲು ಸರಿಯಿದೆ ಅಂತ ಅದೇ ಹೇಳಿದಮೇಲೆ ಇದು ಬರೀ ಸೋಮಾರಿತನ ಕಣೇ" ಎನ್ನುತ್ತಾರೆ. ನಿನ್ನೆ ಬಚ್ಚಲಿನ ಹತ್ತಿರ "ನಿಲ್ಲು ಅಂದ್ನಾ ನಾನು? ಯಾರು ಹೇಳಿದ್ರು ನಿಲ್ಲೋಕೆ?" ಎಂದು ಗದರುತ್ತಿರುವುದು ಕೇಳಿಸಿತು. ಯಾರನ್ನು ಎಂದು ಹೋಗಿ ನೋಡಿದರೆ, ಗೋಡೆ ಹಿಡಿದುಕೊಂಡು ತಮ್ಮ ಕಾಲನ್ನೇ ಬೈಯುತ್ತಿದ್ದರು. ಆಮೇಲೆ ಹೋಗಿ ಒಲೆ ಆರಿಸಿದೆ.

ನನ್ನ ಬೇಡಿಕೆ ಇಷ್ಟೇ. ನಿಮ್ಮಲ್ಲಿ ಯಾರಾದರೂ ಒಬ್ಬ ವೈದ್ಯರು ಅವರನ್ನು ಮಾತಾಡಿಸುತ್ತ ನಡೆಸಲಿ, ಒಂದು ಬಾಗಿಲು ದಾಟಿಸಲಿ, ಕಣ್ಣಾರೆ ನೋಡಲಿ. ಕಾಯಿಲೆಯಿದ್ದರೆ ಮಾತ್ರೆ ಕೊಡಲಿ, ಕಾಯಿಲೆಯ ಹೆಸರನ್ನು ಅವರೆದುರಿಗೇ ಹೇಳಲಿ. ಪೂರ್ತಿ ವಾಸಿಯಾಗುತ್ತದೆಂಬ ಆಸೆ ನನಗಿಲ್ಲ. ಹೆಸರು ಗೊತ್ತಾದರೆ, ಅವರು ತಮ್ಮ ಕಾಲನ್ನು ಬಿಟ್ಟು ಆ ಕಾಯಿಲೆಯನ್ನು ಬೈಯಬಹುದು.

ಇಂತಿ,
ತಮ್ಮ ಪ್ರಕಾರ ಆರೋಗ್ಯವಾಗಿರುವವರ ಹೆಂಡತಿ