ಅವನೂ ಚಪ್ಪಾಳೆ ತಟ್ಟಿದ

ಅಕ್ಕಾ,

ನೀನು ತೀರಿಕೊಂಡು ಹನ್ನೊಂದು ವರ್ಷವಾಯಿತು. ಈ ಕಾಗದ ನಿನಗೆ ಮುಟ್ಟುವುದಿಲ್ಲ, ಆದರೂ ಯಾರಿಗೆ ಹೇಳಲಿ?

ನಾನು ಟಿಕೆಟ್ ಹರಿಯುವ ಚಿತ್ರಮಂದಿರಕ್ಕೆ ಒಂದು ಹಿಂದಿ ಸಿನಿಮಾ ಬಂದಿದೆ. ತನ್ನ ಬಾಳು ಹಾಳುಮಾಡಿದವನನ್ನು ಹುಡುಕಿ ಕೊಲ್ಲುವ ಹೆಂಗಸಿನ ಕಥೆ. ಇವತ್ತು ಮ್ಯಾಟಿನಿಗೆ ಆಗ ನಾವಿಬ್ಬರೂ ಕೆಲಸ ಮಾಡುತ್ತಿದ್ದ ಹೊಲಿಗೆ ಕಾರ್ಖಾನೆಯ ಆ ಮೇಲ್ವಿಚಾರಕ ಹೆಂಡತಿ, ಮಗಳ ಜೊತೆ ಬಂದಿದ್ದ. ಅವನಿಗೆ ನನ್ನ ಗುರುತೇ ಹತ್ತಲಿಲ್ಲ. ಸಿನಿಮಾದ ಕೊನೆಗೆ ಆ ಹೆಂಗಸು ಚಾಕು ಎತ್ತಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ! ಹೊರಗೆ ಬರುತ್ತಾ ನನ್ನ ಹೆಗಲು ತಟ್ಟಿ, "ಅಂಥೋರಿಗೆ ಹಾಗೇ ಆಗ್ಬೇಕು, ಅಲ್ವೇನಪ್ಪಾ?" ಅಂದ.

ಮೈಯೆಲ್ಲ ಹತ್ತಿ ಉರಿಯಿತು. ಬಾಯಿಂದ ಬಂದದ್ದು ಮಾತ್ರ, "ಹೌದು ಸಾರ್."

ಅಂದು, ಅವನು ನಿನ್ನ ಮೈಮೇಲೆ ಕೈಹಾಕಿದನೆಂದು ಕೊಟ್ಟ ದೂರಿನ ವಿಚಾರಣೆಯಲ್ಲಿ, ನೀನು ನನ್ನ ಕಡೆ ತಿರುಗಿ, "ಕಣ್ಣಾರೆ ನೋಡಿದ್ದೀಯಲ್ಲ, ಹೌದು ಅಂತ ಒಂದು ಮಾತು ಹೇಳೋ, ಸಾಕು" ಅಂದಿದ್ದೆ.

ನಾನು ನೆಲ ನೋಡುತ್ತಾ ನಿಂತಿದ್ದೆ.