ಎಲ್ಲರೂ ಬೆನ್ನು ತಿರುಗಿಸಿದ ಒಂಬತ್ತನೇ ಕಂತು

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೨, ಗುರುವಾರ

ಪ್ರೀತಿಯ ಮಗಳೇ,

ಹೇಗಿದ್ದೀ? ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ಗಿಟಾರಿನ ತಂತಿ ಒತ್ತಿ ಒತ್ತಿ ಎಡಗೈ ಬೆರಳಿನ ತುದಿ ಒಡೆದಿತ್ತಲ್ಲ, ಮಾಯಿತೇ? ಇಲ್ಲಿ ಅಜ್ಜಿಯ ಮೊಣಕಾಲು ಮುಷ್ಕರ ಹೂಡಿದೆ, ಬಾಯಿ ಮಾತ್ರ ಎಂದಿನಂತೆ ದುಡಿಯುತ್ತಿದೆ. ನನಗೇನೂ ಆಗಿಲ್ಲ, ಆಗುವುದೂ ಇಲ್ಲ. ನೀನು ನನ್ನ ಫೋನು ಎತ್ತುವುದಿಲ್ಲ. ಫೋನಿನಲ್ಲಿ ನಾನು ಮಾತಾಡುವುದಿಲ್ಲವಂತೆ, ಭಾಷಣ ಮಾಡುತ್ತೇನಂತೆ. ನಿನ್ನ ಚಿಕ್ಕಮ್ಮನೇ ಹೇಳಿದಳು. ಅದಕ್ಕೇ ಈ ಪತ್ರ.

ಮೊದಲು ಪಟ್ಟಿ. ನಿನ್ನ ಕೋಣೆಗೆ ಚಿಲಕ ಹಾಕಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹಾಕಿಸಲಿಲ್ಲ, ಬಾಗಿಲು ತಟ್ಟದೆ ನುಗ್ಗುವುದನ್ನೂ ಬಿಡಲಿಲ್ಲ. ಬಂದವರ ಮುಂದೆ ನುಡಿಸು ಎನ್ನುವುದಿಲ್ಲ ಎಂದಿದ್ದೆ; ಎರಡೇ ವಾರಕ್ಕೆ ನಿನ್ನ ಸೋದರಮಾವನ ಎದುರು ಕೂರಿಸಿದೆ. ನಮ್ಮ ಆಸ್ಪತ್ರೆ ಲಾಂಡ್ರಿ ಕಾರ್ಮಿಕರ ಸಂಘದ ವಾರ್ಷಿಕ ಸಭೆಯಲ್ಲಿ ನೀನು ಮೂಲೆಯಲ್ಲಿ ಕೂತಿದ್ದರೆ ಸಾಕು, ಯಾರೂ ಕರೆಯುವುದಿಲ್ಲ ಎಂದಿದ್ದೆ. ಮನೆಯಲ್ಲಿಟ್ಟರೆ ಕಳ್ಳರ ಭಯ ಎಂದು ನೆಪ ಹೇಳಿ ಗಿಟಾರನ್ನೂ ಹೊರಿಸಿಕೊಂಡು ಹೋದೆ. ಅಲ್ಲಿ ಮೈಕು ಹಿಡಿದು ನಿನ್ನನ್ನು ಕರೆದವಳು ಬೇರೆ ಯಾರೂ ಅಲ್ಲ. ಆಡಳಿತದವರು ಕೊಟ್ಟು ಮುರಿದ ಮಾತುಗಳನ್ನು ಲಾಂಡ್ರಿಯ ಗೋಡೆಗೆ ಬರೆದು ಅಂಟಿಸಿ ಪಳಗಿದ ಕೈ ಇದು. ಈ ಪಟ್ಟಿಯಲ್ಲಿ ಆಡಳಿತ ನಾನೇ. ಒಂದನ್ನೂ ಅಲ್ಲಗಳೆಯುವುದಿಲ್ಲ.

ನಮ್ಮ ಸಭೆಯ ಚಪ್ಪಾಳೆ ನಿನಗೆ ಗೊತ್ತು. ವೇದಿಕೆಗೆ ಬರಲು ಹೆದರುವವರಿಗೆ ಎಲ್ಲರೂ ಒಂದೇ ಲಯದಲ್ಲಿ ಚಪ್ಪಾಳೆ ಹಾಕುವುದು, ಅವರು ಎದ್ದು ಮಾತಾಡುವವರೆಗೆ ನಿಲ್ಲಿಸದಿರುವುದು. ಇಪ್ಪತ್ತು ವರ್ಷದ ಹಿಂದೆ ಮೊದಲ ಸಲ ನನ್ನನ್ನು ಎಬ್ಬಿಸಿದ್ದು ಅದೇ ಚಪ್ಪಾಳೆ. ನನಗೆ ಅದು ಬೆನ್ನ ಹಿಂದಿನ ಕೈಯಾಗಿತ್ತು. ನಿನಗೆ ಅದು ಕತ್ತಿನ ಪಟ್ಟಿ ಹಿಡಿದ ಕೈ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನೀನು ಬಿಳಿಚಿಕೊಂಡು ನಿಂತೆ. ನಾನೇನು ಮಾಡಿದೆ? ಚಪ್ಪಾಳೆ ಸಾಲಲಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಹಾಕಿ ಎಂದು ಸನ್ನೆ ಮಾಡಿದೆ. ಮುನ್ನೂರು ಜನ ಹಾಕಿದರು. ನೀನು ಹಿಂಬಾಗಿಲಿನಿಂದ ಓಡಿದೆ. ಮನೆಗೆ ಬಂದ ಮೇಲೆ ನಾನು ಆಡಿದ ಮಾತು, “ಇಂಥ ಹೇಡಿ ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿತು” ಎಂಬುದು. ಮಾರನೇ ದಿನ ನೀನು ಚಿಕ್ಕಮ್ಮನ ಮನೆ ಸೇರಿದೆ. ಐದು ತಿಂಗಳಾಯಿತು.

ಇನ್ನು ನಿನ್ನ ಕಾರ್ಟೂನಿನ ವಿಷಯ. ಅನಿಮೆ ಅನ್ನಬೇಕು, ಕಾರ್ಟೂನ್ ಅನ್ನಬಾರದು ಎಂದು ನೀನು ಎಷ್ಟು ಸಲ ತಿದ್ದಿದ್ದೆ. ಸರಿ, ಅನಿಮೆ. ನೀನು ಟೀವಿಯಲ್ಲಿ ಅರ್ಧಕ್ಕೆ ಬಿಟ್ಟು ಹೋಗಿದ್ದ ಆ ಸರಣಿ, ಜನ ಕಂಡರೆ ನಡುಗುವ, ಅಕಾರ್ಡಿಯನ್ ನುಡಿಸುವ ಹುಡುಗಿಯದು, ಪ್ರತಿ ಸಲ ಟೀವಿ ಹಾಕಿದಾಗಲೂ ಮುಂದುವರಿಸಲೇ ಎಂದು ಕೇಳುತ್ತಿತ್ತು. ಒಂದು ಭಾನುವಾರ ಊಟವಾದ ಮೇಲೆ ಅಜ್ಜಿ ಸಿಡುಕಿದಳು: “ಅದಕ್ಕೊಂದು ಉತ್ತರ ಕೊಡೇ, ಪಾಪ, ಎಷ್ಟು ದಿನ ಕೇಳತ್ತೆ.” ಮೊದಲಿನಿಂದ ಹಾಕಿದೆ. ಬಯ್ಯಲೆಂದೇ ಕೂತೆ, ಸುಳ್ಳು ಹೇಳುವುದಿಲ್ಲ. ಬಯ್ಯಲು ಬೇಕಾದಷ್ಟಿದೆ ಕೂಡ. ಆ ಊರಿನಲ್ಲಿ ಒಬ್ಬರೂ ದುಡಿಯುವುದು ಕಾಣುವುದಿಲ್ಲ, ಆದರೂ ಎಲ್ಲರ ಬಟ್ಟೆಯೂ ಗರಿಗರಿ. ಯಾರು ಒಗೆದರು, ಯಾರು ಇಸ್ತ್ರಿ ಹಾಕಿದರು, ಬರೆದವರನ್ನು ಕೇಳಬೇಕು. ಅಜ್ಜಿಯ ದೂರು ಬೇರೆ: “ಕಣ್ಣು ನೋಡಿದ್ರೆ ಮುಖಕ್ಕಿಂತ ದೊಡ್ಡದು, ಯಾರನ್ನೂ ನೋಡಕ್ಕೆ ಮಾತ್ರ ಆಗಲ್ಲವಂತೆ.” ಹೀಗೆ ಆಡಿಕೊಳ್ಳುತ್ತಲೇ ಮೂರು ಕಂತು ಮುಗಿದವು. ನಾಲ್ಕನೆಯದರಲ್ಲಿ ಇಬ್ಬರ ಬಾಯಿಯೂ ಬಂದಾಯಿತು.

ಆ ಹುಡುಗಿ ಅಂಗಡಿಗೆ ಹೋಗಿ ಒಂದು ಪೆನ್ಸಿಲ್ ಕೊಳ್ಳಬೇಕು. ಅಷ್ಟೇ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹದಿನಾಲ್ಕು ಸಲ ಅಭ್ಯಾಸ ಮಾಡುತ್ತಾಳೆ, ಬಾಗಿಲ ಬಳಿ ಹೋಗಿ ವಾಪಸು ಬರುತ್ತಾಳೆ. ನೀನು ಬ್ರೆಡ್ಡು ತರಲು ಹೋಗಿ ಬರಿಗೈಯಲ್ಲಿ ಬಂದು ಅಂಗಡಿ ಮುಚ್ಚಿತ್ತು ಎನ್ನುತ್ತಿದ್ದ ದಿನಗಳು ನೆನಪಾದವು. ಆ ಅಂಗಡಿ ಯಾವತ್ತೂ ಮುಚ್ಚುವುದಿಲ್ಲ ಎಂದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೋಮಾರಿ ಎಂದು ಬಯ್ದೆ. ಆ ಕಂತು ಬರೆದವರು ಹುಡುಗಿಯನ್ನು ಸೋಮಾರಿ ಎನ್ನಲಿಲ್ಲ, ಪಾಪ ಎಂದೂ ಅನ್ನಲಿಲ್ಲ. ಮನೆಯಿಂದ ಅಂಗಡಿವರೆಗಿನ ಇನ್ನೂರು ಹೆಜ್ಜೆಯನ್ನು ಒಂದು ಯುದ್ಧದಷ್ಟು ಗೌರವದಿಂದ ತೋರಿಸಿದರು. ಹೋರಾಟ ಎಂದರೆ ಬೀದಿಯಲ್ಲೇ ಆಗಬೇಕು ಎಂದು ನಂಬಿದವಳು ನಾನು. ಬೀದಿಗೆ ಇಳಿಯುವುದೇ ಒಬ್ಬರ ಹೋರಾಟ ಆಗಿರಬಹುದು ಎಂದು ಸಂಘದ ಯಾವ ಶಿಬಿರದಲ್ಲೂ ನನಗೆ ಕಲಿಸಿರಲಿಲ್ಲ.

ಒಂಬತ್ತನೇ ಕಂತನ್ನಂತೂ ಮೂರು ಸಲ ನೋಡಿದೆ. ಶಾಲೆಯ ಸಭಾಂಗಣ, ತುಂಬಿದ ಜನ. ಹುಡುಗಿ ವೇದಿಕೆಗೆ ಬಂದವಳೇ ಜನರಿಗೆ ಬೆನ್ನು ಹಾಕಿ ಗೋಡೆ ನೋಡುತ್ತ ನಿಂತಳು. ಜನ ನಕ್ಕರು. ಅವಳ ತಂಡದ ಉಳಿದ ಮೂವರು, ತಳ್ಳಲಿಲ್ಲ, ಧೈರ್ಯ ಹೇಳಲಿಲ್ಲ, ತಾವೂ ಗೋಡೆಗೆ ಮುಖ ಮಾಡಿದರು. ನಾಲ್ಕು ಬೆನ್ನು. ಆಮೇಲೆ ಆ ಅಕಾರ್ಡಿಯನ್ ತಿದಿ ಬಿಚ್ಚಿ ಉಸಿರೆಳೆದುಕೊಂಡಿತು ನೋಡು! ಇಪ್ಪತ್ತು ವರ್ಷ ಒಗ್ಗಟ್ಟು, ಒಗ್ಗಟ್ಟು ಎಂದು ಕೂಗಿದ್ದೇನೆ. ಮುಂದೆ ಬರಲಾಗದವಳಿಗಾಗಿ ಮುಂದಿದ್ದವರೆಲ್ಲ ತಿರುಗುವುದೂ ಒಗ್ಗಟ್ಟೇ ಎಂದು ಚಿತ್ರದೊಳಗಿನ ಹದಿಹರೆಯದ ಹುಡುಗಿಯರು ತೋರಿಸಿಕೊಟ್ಟರು. ಕೊನೆಯ ಕಂತಿನವರೆಗೂ ಅವಳ ಭಯ ಹೋಗುವುದಿಲ್ಲ. ಅದೂ ನನಗೆ ಹಿಡಿಸಿತು. ವಾಸಿ ಮಾಡಿ ಕಳಿಸಿದ್ದರೆ ಬರೆದವರನ್ನು ಕ್ಷಮಿಸುತ್ತಿರಲಿಲ್ಲ.

ನೋಡಿ ಸುಮ್ಮನಿದ್ದರೆ ನಿನ್ನ ಅಮ್ಮ ಹೇಗಾದೇನು? ಇಸ್ತ್ರಿ ವಿಭಾಗದ ಎರಡನೇ ಯಂತ್ರದ ಆವಿ ವಾಲ್ವು ಮೂರು ತಿಂಗಳಿಂದ ಸೋರುತ್ತಿತ್ತು. ಒಬ್ಬಳ ಮೊಣಕೈ ಸುಟ್ಟಿತು. ಅವಳದೇ ಅಜಾಗರೂಕತೆ ಎಂದು ಮೇಲ್ವಿಚಾರಕ ಅವಳ ಮೇಲೇ ದೂರು ಬರೆದ. ವಾಲ್ವು ಸೋರುತ್ತಿದೆ ಎಂದು ಅವನಿಗೆ ಮೊದಲೇ ಹೇಳಿದ್ದವಳು ಹೊಲಿಗೆ ವಿಭಾಗದ ಮೌನಕ್ಕ ಒಬ್ಬಳೇ. ಹನ್ನೊಂದು ವರ್ಷದಲ್ಲಿ ಅವಳು ಸಭೆಯಲ್ಲಿ ತುಟಿ ಬಿಚ್ಚಿದ್ದಿಲ್ಲ, ಹೆಸರು ಬಂದದ್ದೇ ಹಾಗೆ. ಅದನ್ನು ಎಲ್ಲರೆದುರು ಹೇಳಲಿ ಎಂದು ಎರಡು ಸಲ ಚಪ್ಪಾಳೆ ಹಾಕಿ ಎಬ್ಬಿಸಿದೆವು, ಎರಡು ಸಲವೂ ಅತ್ತು ಕೂತಳು. ಮೂರನೇ ಸಭೆಗೆ ನಾನು ಹೇಳಿದೆ, ಚಪ್ಪಾಳೆ ಬೇಡ, ಮೈಕು ಬೇಡ, ಎಲ್ಲರೂ ಬೆಡ್‌ಶೀಟ್ ಮಡಚುತ್ತ ಇರಿ. ನಮ್ಮ ಕೆಲಸ ನಿನಗೆ ಗೊತ್ತಲ್ಲ: ಇಬ್ಬರು ಎರಡು ತುದಿ ಹಿಡಿದು, ಕೊಡವಿ, ಎತ್ತಿ ಹಿಡಿದಾಗ ನಡುವೆ ಬಿಳಿ ಗೋಡೆ. ಆಚೆಯವಳ ಮುಖ ಈಚೆಗೆ ಕಾಣುವುದಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ಮನೆಯ ನಿಜವಾದ ಕಷ್ಟವನ್ನೆಲ್ಲ ಹೇಳಿಕೊಂಡಿರುವುದು ಆ ಬಟ್ಟೆಯ ಮರೆಯಲ್ಲೇ. ಇಷ್ಟು ವರ್ಷ ಅದರೊಳಗೇ ಇದ್ದು ನನಗದು ಕಂಡಿರಲಿಲ್ಲ. ಆರನೇ ಶೀಟಿಗೆ ಮೌನಕ್ಕ ಶುರು ಮಾಡಿದಳು. ಯಾರೂ ತಲೆಯೆತ್ತಲಿಲ್ಲ. ದಿನಾಂಕ, ಸಮಯ, ಮೇಲ್ವಿಚಾರಕ ಆಗ ಏನು ತಿನ್ನುತ್ತಿದ್ದ ಎಂಬುದನ್ನೂ ಬಿಡದೆ ಹೇಳಿದಳು. ನಾನು ಬರೆದುಕೊಂಡೆ, ಅವಳು ಸಹಿ ಹಾಕಿದಳು. ಎರಡನೇ ಯಂತ್ರ ನಿಂತಿದೆ, ಸುಟ್ಟವಳ ಮೇಲಿನ ದೂರು ವಾಪಸಾಗಿದೆ. ಉಳಿದ ಯಂತ್ರಗಳ ತಪಾಸಣೆ ಮುಂದಿನ ತಿಂಗಳಂತೆ. ಅವರ ಮುಂದಿನ ತಿಂಗಳು ಎಂಥದ್ದೆಂದು ನಮಗೆ ಗೊತ್ತು, ಬಿಡುವುದಿಲ್ಲ.

ಮೌನಕ್ಕನನ್ನು ನಾನು ಮಾತಾಡಿಸಿದೆ ಎಂದು ಎಲ್ಲರೂ ನನ್ನನ್ನು ಹೊಗಳಿದರು. ನಾನಲ್ಲ, ನನ್ನ ಮಗಳು ನೋಡುತ್ತಿದ್ದ ಒಂದು ಅನಿಮೆ ಎಂದೆ. ಒಬ್ಬರೂ ನಂಬಲಿಲ್ಲ.

ಹೇಡಿ ಎಂದದ್ದು ತಪ್ಪು. ಒಂದು ಸಾಲಿನಲ್ಲಿ ಬರೆದಿದ್ದೇನೆ, ನೆಪವಿಲ್ಲದೆ. ಕ್ಷಮಿಸು ಎಂದು ಒತ್ತಾಯ ಮಾಡಲಾರೆ. ನಿನ್ನ ಬೆರಳು, ನಿನ್ನ ನಿದ್ದೆ, ನಿನ್ನ ಮೌನ ಎಲ್ಲವೂ ಚೆನ್ನಾಗಿರಲಿ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಅಜ್ಜಿ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ನಾಚಿಕೆ. ಹೋದ ತಿಂಗಳು ಎರಡು ಸಲ ಚಿಕ್ಕಮ್ಮನ ಮನೆ ಮೆಟ್ಟಿಲ ತನಕ ಬಂದಿದ್ದೆ. ಒಳಗೆ ನೀನು ನುಡಿಸುತ್ತಿದ್ದೆ. ಗಂಟೆ ಒತ್ತಲು ಕೈ ಬರಲಿಲ್ಲ. ಮೂರು ಮ್ಯಾನೇಜರುಗಳನ್ನು ಎದುರು ಕೂರಿಸಿ ಬೆವರಿಳಿಸಿದವಳು ಕಳ್ಳಿಯ ಹಾಗೆ ಮೆಟ್ಟಿಲಿಳಿದು ಬಂದೆ. ನಿನಗೆ ದಿನಾ ಆಗುವುದು ಇದೇ ಆದರೆ, ಮಗಳೇ, ನಮ್ಮಿಬ್ಬರಲ್ಲಿ ಗಟ್ಟಿಗಿತ್ತಿ ನೀನು. ಮತ್ತೆ ಬರುತ್ತೇನೆ. ಒತ್ತಲಾಗದಿದ್ದರೆ ಮೆಟ್ಟಿಲ ಮೇಲೇ ಕೂತಿರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನ ತೀರ್ಮಾನ. ಮುಚ್ಚಿದ ಬಾಗಿಲಿನಾಚೆಯಿಂದ ನುಡಿಸಿದರೂ ನನಗೆ ಸಾಕು. ಮಾರ್ಚ್ ೨೨, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ.